ಖಾನಾಪುರದ ಪಿನ್ ಬೆಳಗಾವಿಯದಾಗದಿರಲಿ

ಶೆಲ್ ಕಲಿತ ಬೆಳಗಾವಿ, ಖಾನಾಪುರದ ಗೆಳೆಯ ಗೆಳತಿಯರೇ,

ನಮ್ಮ ಜ್ಞಾನ ಸಂಗಮದಲ್ಲಿರುವ ವಿಟಿಯು 2010ರ ಪಠ್ಯಕ್ರಮದಲ್ಲಿ ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗನ್ನು ಪೂರ್ತಿ ಒಂದು ವಿಷಯವಾಗಿಯೇ ಇಟ್ಟಿತ್ತು. ಅದರಲ್ಲಿ ಆಕ್ ಕೂಡ ಇತ್ತು. ಪರೀಕ್ಷೆ ಮುಗಿದದ್ದೇ ಆಕ್ ಮರೆತು, ಎಲ್ಲದಕ್ಕೂ ಗ್ರೆಪ್ ಬಳಸುವ ಸ್ಕ್ರಿಪ್ಟ್‌ಗಳನ್ನು ಕಂಡು ಬೇಸರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಖಾನಾಪುರದಲ್ಲಿ ಹೆಂಚಿನ ಕಾರ್ಖಾನೆ, ಬೆಳಗಾವಿಯಲ್ಲಿ ಮಳಿಗೆ ಇರುವ ಒಂದು ವ್ಯಾಪಾರ ಅಂದುಕೊಳ್ಳಿ. ಬಿಲ್ ಮುದ್ರಿಸುವ ಸ್ಕ್ರಿಪ್ಟ್ ಓದುವ ಫೈಲು ಹೀಗಿದೆ:

[ಬೆಳಗಾವಿ]
ಪಿನ್=590001
ಎಸ್‌ಟಿಡಿ=0831
[ಖಾನಾಪುರ]
ಪಿನ್=591302
ಎಸ್‌ಟಿಡಿ=08336

‘ಪಿನ್’ ಎಂದು ಗ್ರೆಪ್ ಮಾಡಿದರೆ ಎರಡೂ ಸಾಲು ಬರುತ್ತವೆ. ಮೊದಲನೆಯದು ಸಾಕೆಂದು ಹೆಡ್ ಸೇರಿಸಿದಿರೋ, ಖಾನಾಪುರದ ಬಿಲ್ಲಿನ ಮೇಲೂ 590001 ಕೂರುತ್ತದೆ. ದೋಷದ ಸಂದೇಶವೇನೂ ಬರುವುದಿಲ್ಲ. ಗ್ರೆಪ್‌ಗೆ ಸಾಲು ಗೊತ್ತು, ಅದು ಯಾವ ವಿಭಾಗದ್ದು ಅನ್ನುವುದು ಗೊತ್ತಿಲ್ಲ. ಊರ ಹೆಸರಿಲ್ಲದೆ ಬರೀ ‘ಮಾರುತಿ ಗಲ್ಲಿ’ ಎಂದು ಬರೆದ ಲಕೋಟೆಯ ಹಾಗೆ.

1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅಹೋ, ವೈನ್‌ಬರ್ಗರ್, ಕರ್ನಿಹಾನ್ ಕಟ್ಟಿದ ಆಕ್, ಹಿಂದೆ ಓದಿದ್ದನ್ನು ನೆನಪಿಟ್ಟುಕೊಳ್ಳಬಲ್ಲದು. ಸಾಲು ಚೌಕ ಆವರಣದಿಂದ ಶುರುವಾದರೆ ಒಳಗಿನ ಹೆಸರನ್ನು ಒಂದು ವೇರಿಯೆಬಲ್‌ನಲ್ಲಿಟ್ಟು ಮುಂದೆ ಹೋಗಲು ಹೇಳಿ. ವೇರಿಯೆಬಲ್ ‘ಖಾನಾಪುರ’ ಆಗಿದ್ದು, ಸಮ ಚಿಹ್ನೆಯ ಎಡಕ್ಕೆ ‘ಪಿನ್’ ಇದ್ದಾಗ ಮಾತ್ರ ಬಲಗಡೆಯದನ್ನು ಮುದ್ರಿಸಿ ನಿಲ್ಲಲಿ. ಇಷ್ಟೇ, ಎರಡು ನಿಯಮ.

‘ಖಾನಾಪುರದ ತಲೆಸಾಲಿನಿಂದ ಮುಂದಿನ ತಲೆಸಾಲಿನವರೆಗೆ’ ಎಂಬ ವ್ಯಾಪ್ತಿ ಕೊಡುವವರು ಒಂದು ಮಾತು ನೆನಪಿಡಿ. ಸೆಡ್ ಕೊನೆಯ ಗುರುತನ್ನು ಮರುಸಾಲಿನಿಂದ ಹುಡುಕುತ್ತದೆ. ಆಕ್ ಅದೇ ಸಾಲಿನಲ್ಲೂ ನೋಡುವುದರಿಂದ ಬರೀ ತಲೆಸಾಲು ಕೊಟ್ಟು ಸುಮ್ಮನಾಗುತ್ತದೆ. ಚೌಕ ಆವರಣದ ಮುಂದೆ ಬ್ಯಾಕ್‌ಸ್ಲ್ಯಾಶ್ ಬಿಟ್ಟರೆ ಅದರ ಅರ್ಥವೇ ಬೇರೆಯಾದೀತು. ಫೈಲಿನಲ್ಲಿ ಪಾಸ್‌ವರ್ಡ್ ಕೂಡ ಇದ್ದು, ಅದರೊಳಗೇ ಸಮ ಚಿಹ್ನೆ ಇದ್ದರೆ ಎರಡನೇ ಫೀಲ್ಡ್‌ನಲ್ಲಿ ಅರ್ಧ ಪಾಸ್‌ವರ್ಡ್ ಮಾತ್ರ ಸಿಗುತ್ತದೆ. ಮೊದಲ ಸಮ ಚಿಹ್ನೆಯಲ್ಲಷ್ಟೇ ಒಡೆಯಿರಿ. ವಿಂಡೋಸ್‌ನಲ್ಲಿ ಉಳಿಸಿದ ಫೈಲಾದರೆ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಇರುತ್ತದೆ. ಅದನ್ನು ಮೊದಲೇ ತೆಗೆಯಿರಿ, ಇಲ್ಲವಾದರೆ 591302 ಎಂಬುದು 591302ಕ್ಕೆ ಸಮವಾಗುವುದಿಲ್ಲ!

ಫೈಲು ಇನ್ನೂ ತೊಡಕಿನದಾದರೆ ಹಟ ಬೇಡ. ಪೈಥಾನ್‌ನ ಕಾನ್ಫಿಗ್‌ಪಾರ್ಸರ್ ಇದೆ, ಒಂದೇ ಹೆಸರಿನ ವಿಭಾಗ ಎರಡು ಸಲ ಬಂದರೆ ಅದು ಅಲ್ಲೇ ತಡೆಯುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು: ಈ ವಾರ ನಿಮ್ಮ ಆಫೀಸಿನ ಸ್ಕ್ರಿಪ್ಟ್‌ಗಳನ್ನು ತೆರೆಯಿರಿ. ಕಾನ್ಫಿಗ್ ಫೈಲಿನ ಮೇಲೆ ಬರೀ ಗ್ರೆಪ್ ಓಡಿಸಿರುವ ಕಡೆಯೆಲ್ಲ ವಿಭಾಗದ ಹೆಸರನ್ನೂ ಕೇಳುವಂತೆ ತಿದ್ದಿ.

ಇಂತಿ ನಿಮ್ಮ,
ಬೆಳಗಾವಿಯ ಒಬ್ಬ ಸಿಸ್ಟಮ್ ಅಡ್ಮಿನ್