ಹೂಂಗುಟ್ಟುವ ವಿದ್ಯೆ

ಹದಿನಾಲ್ಕು ವರ್ಷ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದ ಮೇಲೆ, ನನಗೆ ಪಾಠ ಹೇಳುವ ಅರ್ಹತೆಯಿಲ್ಲ ಎಂಬುದು ಆಡಳಿತ ಮಂಡಳಿಗೆ ಹೊಳೆಯಿತು. ಬರೀ ಬಿ.ಇ. ಸಾಲದು, ಎಂ.ಟೆಕ್. ಆಗಿರಬೇಕು ಎನ್ನುತ್ತದೆ ಎಐಸಿಟಿಇ ನಿಯಮ. (ವಿದ್ಯಾರ್ಥಿಗಳಿಗೆ ಇದು ಮೊದಲೇ ಗೊತ್ತಿತ್ತು, ಪಾಪ, ಹೇಳಿರಲಿಲ್ಲ.) ಸರಿ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಎಂ.ಟೆಕ್.ಗೆ ಸೇರಿ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ನನ್ನದೇ ಹಳೆಯ ಶಿಷ್ಯ. ಇಂಟರ್ನಲ್ಸ್‌ನಲ್ಲಿ ನಾನು ಅವನಿಗೆ ಇಪ್ಪತ್ತೈದಕ್ಕೆ ಒಂಬತ್ತು ಕೊಟ್ಟಿದ್ದೆ. "ಸರ್, ಅಸೈನ್‌ಮೆಂಟ್ ಆಗಿಲ್ವಾ? ನಂದು ನೋಡ್ಕೊಂಡು ಬರೀರಿ" ಎಂದ. ಬರೆದೆ.

ಮೊದಲ ಲ್ಯಾಬಿನಲ್ಲೇ ಮಾನ ಹೋಯಿತು. ಲ್ಯಾನ್ ಕೇಬಲ್ಲಿನೊಳಗೆ ಎಂಟು ಎಳೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು... ಮುಂದೆ ಹಸಿರು ಬರಬೇಕೆಂದು ನ್ಯಾಯವಾಗಿ ಯಾರಿಗಾದರೂ ಅನ್ನಿಸುತ್ತದೆ, ಬರುವುದು ನೀಲಿ! ನಾನು ಆರು ಕನೆಕ್ಟರ್ ಹಾಳು ಮಾಡಿದೆ. ಎಸ್ಸೆಸ್ಸೆಲ್ಸಿ ಓದಿದ ಅಟೆಂಡರ್ ಬಂದು, "ಬಿಡಿ ಸಾರ್" ಎಂದು ಎಳೆಗಳನ್ನು ಮಲ್ಲಿಗೆ ಕಟ್ಟುವವರ ಹಾಗೆ ಜೋಡಿಸಿ ಕಟಕ್ಕೆಂದು ಒತ್ತಿ ಹೊರಟುಹೋದ.

ಆದರೆ ಟಿಸಿಪಿ ಎಂಬ ನೆಟ್‌ವರ್ಕ್ ನಿಯಮದ ಪಾಠ ಬಂದಾಗ ಮಾತ್ರ ನನ್ನ ಬೆನ್ನು ನೆಟ್ಟಗಾಯಿತು. ಕಳಿಸಿದ ಮಾಹಿತಿ ತಲುಪಿತೆಂದು ಆ ಕಡೆಯವರು ಉತ್ತರ ಕೊಡಬೇಕು, ಕೊಡದಿದ್ದರೆ ಮತ್ತೆ ಕಳಿಸಬೇಕು. ವಿಂಟ್ ಸರ್ಫ್, ಬಾಬ್ ಕಾನ್ ಇಬ್ಬರೂ ಸೇರಿ 1974ರಲ್ಲಿ ಪ್ರಬಂಧ ಬರೆದು ಲೋಕಕ್ಕೆ ತಿಳಿಸಿದ್ದನ್ನು ನಮ್ಮಜ್ಜಿ ಜಗಲಿಯ ಮೇಲೆ ದಿನಾ ರಾತ್ರಿ ನಡೆಸುತ್ತಿದ್ದಳು. ಕಥೆ ಕೇಳುವವನು ಹೂಂಗುಟ್ಟಬೇಕು. "ಹೂಂ" ನಿಂತರೆ ರಾಜಕುಮಾರನ ಕುದುರೆಯೂ ನಿಂತಿತು. "ಲೋ ಮಗಾ, ನಿದ್ದೆ ಬಂತೇನೋ?" ಎಂದು ಮುಟ್ಟಿ ನೋಡಿ, ಕೊನೆಯ ಹೂಂ ಎಲ್ಲಿ ಬಿದ್ದಿತ್ತೋ ಅಲ್ಲಿಂದ ಮತ್ತೆ ಶುರು.

ಯುಡಿಪಿ ಎಂಬ ಇನ್ನೊಂದು ನಿಯಮಕ್ಕೆ ಈ ತಾಪತ್ರಯವಿಲ್ಲ. ಅದು ಕಳಿಸುತ್ತಲೇ ಹೋಗುತ್ತದೆ. ಮುಟ್ಟಿತೋ ಬಿಟ್ಟಿತೋ ಕೇಳುವುದಿಲ್ಲ. ನಾನು ಹದಿನಾಲ್ಕು ವರ್ಷ ಪಾಠ ಮಾಡಿದ್ದು ಹೀಗೇ ಎಂದು ಆವತ್ತು ಗೊತ್ತಾಯಿತು. ಪಕ್ಕದ ಶಿಷ್ಯನ ಮುಖ ನೋಡಿದೆ. ಅವನಿಗೂ ಗೊತ್ತಾದಂತಿತ್ತು.

ನೆಟ್‌ವರ್ಕಿನ ಓಎಸ್‌ಐ ಮಾದರಿಯ ಏಳು ಪದರಗಳನ್ನು ಮನೆಯಲ್ಲೇ ಕಂಠಪಾಠ ಮಾಡಿದೆ. ತಳದಲ್ಲಿ ಒಂದನೆಯದು, ತಂತಿಯದ್ದು. ತಲುಪಿತೆಂದು ಟಿಸಿಪಿ ಹೂಂಗುಟ್ಟುವುದು ನಾಲ್ಕನೆಯದರಲ್ಲಿ. ಬಂದದ್ದು ನಿಜವಾಗಿ ಬಳಕೆಯಾಗುವುದು ತುತ್ತತುದಿಯ ಏಳನೆಯದರಲ್ಲಿ. ಹೂಂ ಅಂದ ಮಾತ್ರಕ್ಕೆ ಮೇಲಿನವನಿಗೆ ವಿಷಯ ಮುಟ್ಟಿದೆ ಎಂದಲ್ಲ! ಎಂಥಾ ಸೂಕ್ಷ್ಮ ಎಂದು ತಲೆದೂಗುತ್ತಿದ್ದೆ. ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಡತಿ ಏನೋ ಕೂಗಿದಳು. "ಹೂಂ" ಎಂದೆ.

ಐದು ನಿಮಿಷಕ್ಕೆ ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಏನು ಹೇಳಿದ್ದೆ, ಹೇಳಿ ನೋಡೋಣ?"

"ಹೂಂ ಅಂದದ್ದು ನಾಲ್ಕನೇ ಪದರ ಕಣೇ. ಏಳಕ್ಕಿನ್ನೂ ಹೋಗಿಲ್ಲ."

ಹಾಲು ಆಗಲೇ ಒಲೆ, ಕಟ್ಟೆ ಎಲ್ಲಾ ದಾಟಿ ಒಂದನೇ ಪದರಕ್ಕೆ ಇಳಿದಿತ್ತು.