ಪಟ್ಟಾಪಟ್ಟಿಯೊಳಗಿನ ಯೂರೋ

ನಮ್ಮ ಮನೆಯಲ್ಲಿ ಪ್ರವಾಸ ಟಿಕೆಟ್ಟಿನಿಂದ ಶುರುವಾಗುವುದಿಲ್ಲ, ಹೊಲಿಗೆಯಿಂದ ಶುರುವಾಗುತ್ತದೆ. ತಿಪಟೂರಿನಿಂದ ಮ್ಯೂನಿಕ್ಕಿಗೆ ಬಂದಿದ್ದ ಅತ್ತೆ ಮಾವನಿಗೆ ರೋಮ್ ತೋರಿಸುವುದೆಂದು ತೀರ್ಮಾನವಾದ ಸಂಜೆಯೇ ಅತ್ತೆ ಸೂಜಿ ದಾರ ಕೇಳಿದರು. ಮಾವನ ಪಟ್ಟಾಪಟ್ಟಿ ಚಡ್ಡಿಗೆ ಹೇಗೂ ಒಂದು ಜೇಬಿರುತ್ತದೆ. ಆದರೆ ಅದು ಲೋಕಕ್ಕೆಲ್ಲ ಗೊತ್ತಿರುವ ಜೇಬು ಎಂಬುದು ಅತ್ತೆಯ ವಾದ. ಹಾಗಾಗಿ ಒಳಗೊಂದು ಗುಪ್ತ ಜೇಬು, ಅದಕ್ಕೆರಡು ಪ್ರೆಸ್ ಬಟನ್, ಸಾಲದ್ದಕ್ಕೆ ಮೇಲೊಂದು ಪಿನ್ನು. ಇಟಲಿಯ ಕಳ್ಳರಿಗೆ ಪಟ್ಟಾಪಟ್ಟಿಯ ವಾಸ್ತು ಹೇಗೆ ಗೊತ್ತಿರುತ್ತದೆ ಎಂದು ನಾನು ಕೇಳಲಿಲ್ಲ. ಸೊಸೆಯಾದವಳು ನುಂಗಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ಅದೂ ಒಂದು.

ಮಾವ ಕೆ.ಇ.ಬಿ.ಯಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು. ನಗದಿನ ಮೇಲೆ ಅವರಿಗಿರುವ ಭಕ್ತಿ ಮನೆದೇವರ ಮೇಲೂ ಇರಲಾರದು. ಭಾರತದಿಂದ ಹೊರಡುವವರು ಒಂದು ಪ್ರಯಾಣಕ್ಕೆ 3,000 ಡಾಲರಿಗೆ ಸಮನಾದಷ್ಟು ನೋಟು ಮಾತ್ರ ಒಯ್ಯಬಹುದು, ಉಳಿದದ್ದು ಕಾರ್ಡಿನಂಥ ರೂಪದಲ್ಲೇ ಇರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಅವರಿಗೆ ವೈಯಕ್ತಿಕ ಅವಮಾನ. ಜರ್ಮನಿಗೆ ಬಂದ ಮೇಲೆ ಮನಸ್ಸು ತುಸು ತಿಳಿಯಾಯಿತು. ತಿಪಟೂರಿನ ಎಳನೀರಿನವನ ಗಾಡಿಗೂ ಕ್ಯೂಆರ್ ಕೋಡ್ ಅಂಟಿರುವ ಕಾಲದಲ್ಲಿ, ನಮ್ಮ ಬೀದಿಯ ಬೇಕರಿಯಲ್ಲಿ 'ನಗದು ಮಾತ್ರ' ಎಂದು ಬೋರ್ಡು ತೂಗುತ್ತಿತ್ತು. ಮಾವ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ನಮ್ಮ ಯಜಮಾನರದು ತದ್ವಿರುದ್ಧ. ಇವರಿಗೆ ದುಡ್ಡು ಎಂದರೆ ಎಕ್ಸೆಲ್ ಶೀಟು. ಯಾವ ಕಾರ್ಡು ಯಾರ ಚೀಲದಲ್ಲಿ, ಪಾಸ್‌ಪೋರ್ಟಿನ ಪ್ರತಿ ಎಲ್ಲಿ, ಕಾರ್ಡು ಕಳೆದರೆ ಯಾವ ನಂಬರು ಎಂದು ನಾಲ್ಕು ಬಣ್ಣಗಳಲ್ಲಿ ಬರೆದಿಟ್ಟರು. ಜರ್ಮನಿಯಲ್ಲಿ 116 116ಕ್ಕೆ ಕರೆ ಮಾಡಿದರೆ ಹೆಚ್ಚಿನ ಬ್ಯಾಂಕುಗಳ ಕಾರ್ಡು ನಿಲ್ಲಿಸಬಹುದು, ಹೊರದೇಶದಿಂದಾದರೆ ಮೊದಲು +49 ಸೇರಿಸಬೇಕು. ಈ ನಂಬರನ್ನು ನಮ್ಮ ಮಗನಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು. ನ್ಯಾಯವಾಗಿ ಹೇಳಬೇಕೆಂದರೆ ಇವರು ಹೇಳುವುದೆಲ್ಲ ಸರಿ. ತೊಂದರೆ ಏನೆಂದರೆ, ಎರಡನೇ ಶೀಟಿಗೇ ಅತ್ತೆ ಗೊರಕೆ ಹೊಡೆಯುತ್ತಿದ್ದರು.

ಅತ್ತೆ ಎದ್ದು ಕೂತಿದ್ದು ವಿಮೆಯ ಮಾತು ಬಂದಾಗ. ಷೆಂಗೆನ್ ವೀಸಾ ಬೇಕೆಂದರೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಇರಲೇಬೇಕು. "ಅಂದ್ರೆ ನಮ್ಮ ದುಡ್ಡಲ್ಲಿ ಎಷ್ಟಾಯ್ತೋ?" ಎಂದರು. ಹತ್ತಿರ ಹತ್ತಿರ 30 ಲಕ್ಷ ಎಂದು ಇವರು ಹೇಳಿದ ಮೇಲೆ ಅತ್ತೆ ಮಾವನನ್ನು ಬೇರೆಯದೇ ಗೌರವದಿಂದ ನೋಡತೊಡಗಿದರು. ಅವತ್ತು ರಾತ್ರಿ ಅವರ ತಟ್ಟೆಗೆ ಕೇಳದೇ ತುಪ್ಪ ಬಿತ್ತು.

ರೋಮಿನಲ್ಲಿ ಟರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರಿನ ಬಸ್ಸು ಜೇಬುಗಳ್ಳರಿಗೆ ಹೆಸರುವಾಸಿ. ಇವರು ನಮ್ಮೆಲ್ಲರ ಬೆನ್ನುಚೀಲಗಳನ್ನು ಹೊಟ್ಟೆಯ ಮೇಲೆ ಕಟ್ಟಿಸಿ, ಯಾರೂ ಯಾರ ಜೊತೆಗೂ ಮಾತಾಡಬಾರದೆಂದು ಆಜ್ಞೆ ಹೊರಡಿಸಿ ಹತ್ತಿಸಿದರು. ಎರಡು ಸ್ಟಾಪಿನೊಳಗೆ ಅತ್ತೆ ಪಕ್ಕದ ಇಟಾಲಿಯನ್ ಅಜ್ಜಿಗೆ ಕೊಬ್ಬರಿ ಮಿಠಾಯಿ ಕೊಟ್ಟಾಗಿತ್ತು. ಮಾವ ಮಾತ್ರ ಉದ್ದಕ್ಕೂ ಬಲಗೈಯನ್ನು ಪ್ಯಾಂಟಿನ ಆಯಕಟ್ಟಿನ ಜಾಗದ ಮೇಲೆ ಒತ್ತಿ ಹಿಡಿದು ನಿಂತಿದ್ದರು. ಕಳ್ಳರಿರಲಿ, ಮರ್ಯಾದಸ್ಥರೂ ಎರಡು ಅಡಿ ದೂರ ಸರಿದರು.

ಗುಪ್ತ ಜೇಬಿನ ಪರಿಣಾಮ ಗೊತ್ತಾಗಿದ್ದು ಮತ್ತೆ ಟರ್ಮಿನಿಗೆ ಬಂದು ಊಟಕ್ಕೆ ನಿಂತಾಗ. "ಇವತ್ತಿನ ಊಟ ನಂದು, ಯಾರೂ ಪರ್ಸ್ ಮುಟ್ಟಬಾರದು" ಎಂದು ಮಾವ ಘೋಷಿಸಿದರು. ದುಡ್ಡಿರುವುದು ಪಟ್ಟಾಪಟ್ಟಿಯಲ್ಲಿ, ಪಟ್ಟಾಪಟ್ಟಿ ಇರುವುದು ಪ್ಯಾಂಟಿನೊಳಗೆ. ಕೌಂಟರಿನ ಮುಂದೆ ಅದನ್ನು ತೆಗೆಯುವಂತಿಲ್ಲ. ಸರಿ, ಶೌಚಾಲಯಕ್ಕೆ ನಡೆದರು. ಅಲ್ಲಿ ಒಳಗೆ ಹೋಗಲು ಒಂದು ಯೂರೋ ಹಾಕಬೇಕು. ದುಡ್ಡು ತೆಗೆಯಲು ಒಳಗೆ ಹೋಗಬೇಕು, ಒಳಗೆ ಹೋಗಲು ದುಡ್ಡು ತೆಗೆಯಬೇಕು. ಇವರು ಕಾರ್ಡು ತೋರಿಸಲು ಹೋದರೆ ಮಾವ ತಡೆದರು: "ಉಚ್ಚೆಗೆಲ್ಲ ಕಾರ್ಡ್ ಕೊಡ್ತೀಯೇನೋ? ಸ್ಟೇಟ್‌ಮೆಂಟಲ್ಲಿ ಬರಲ್ವಾ?" ಕೊನೆಗೆ ಅತ್ತೆ ಸೊಂಟದ ಸಂಚಿ ಬಿಚ್ಚಿ, ಅಡಿಕೆ ಚೂರಿನ ನಡುವಿನಿಂದ ಒಂದು ಯೂರೋ ನಾಣ್ಯ ತೆಗೆದು ಗಂಡನನ್ನು ಒಳಗೆ ಕಳಿಸಿದರು. ಮಾವ ಹೊರಬಂದಿದ್ದು ನೂರು ಯೂರೋ ನೋಟಿನೊಂದಿಗೆ. ಕೌಂಟರಿನ ಹುಡುಗಿ ಚಿಲ್ಲರೆ ಇಲ್ಲವೆಂದಳು. ಊಟದ ದುಡ್ಡು ಇವರ ಕಾರ್ಡಿನಿಂದಲೇ ಹೋಯಿತು.

ಮುಖಭಂಗ ತೊಳೆದುಕೊಳ್ಳಲು ಮಾವ ಎಟಿಎಮ್ಮಿಗೆ ನುಗ್ಗಿದರು. ವಿದೇಶಿ ಬಳಕೆಗೆ ಕಾರ್ಡು ತೆರೆಸಿಕೊಂಡೇ ಬಂದಿದ್ದರು, ಆ ಮಟ್ಟಿಗೆ ಲೆಕ್ಕದ ಮನುಷ್ಯ. ಯಂತ್ರ ಕೇಳಿತು: ಖಾತೆಗೆ ಯೂರೋ ಲೆಕ್ಕದಲ್ಲಿ ಹಚ್ಚಲೋ, ರೂಪಾಯಿ ಲೆಕ್ಕದಲ್ಲೋ? ಇವರು "ಅಪ್ಪಾ, ಯೂರೋ ಒತ್ತಿ" ಎಂದು ಓಡಿ ಬರುವಷ್ಟರಲ್ಲಿ ಮಾವ ರೂಪಾಯಿ ಒತ್ತಿಯಾಗಿತ್ತು. "ಪರದೇಶದ ಮಿಷನ್ನು ನಮ್ಮ ರೂಪಾಯಿಗೆ ಮರ್ಯಾದೆ ಕೊಟ್ಟು ಕೇಳ್ತಿದೆ, ಬೇಡ ಅನ್ನೋದಾ?" ಆ ಮರ್ಯಾದೆಗೆ ದರವಿದೆ. ರೂಪಾಯಿ ಒತ್ತಿದರೆ ವಿನಿಮಯದ ದರ ಕಟ್ಟುವವನು ಯಂತ್ರದ ಯಜಮಾನ, ತನ್ನ ಲಾಭ ಸೇರಿಸಿಯೇ ಕಟ್ಟುತ್ತಾನೆ. ಆ ಊರಿನ ನಾಣ್ಯವನ್ನೇ ಒತ್ತಿದರೆ ವೀಸಾ, ಮಾಸ್ಟರ್‌ಕಾರ್ಡುಗಳ ದರ ಬೀಳುತ್ತದೆ. ಅದರ ಮೇಲೆ ನಮ್ಮ ಬ್ಯಾಂಕಿನ ಶುಲ್ಕ ಸೇರಿದರೂ ಸಾಮಾನ್ಯವಾಗಿ ಅದೇ ಅಗ್ಗ. ಇವರು ಇದನ್ನು ವಿವರಿಸಿದ ಮೇಲೆ ಮಾವ ಆ ಯಂತ್ರವನ್ನು ತಿಪಟೂರಿನ ಕೊಬ್ಬರಿ ಮಂಡಿಯ ಭಾಷೆಯಲ್ಲಿ ಬೈದರು.

ಟ್ರೆವಿ ಕಾರಂಜಿಗೆ ನಾಣ್ಯ ಎಸೆಯಲು ಮಾವ ಒಪ್ಪಲಿಲ್ಲ. ಅತ್ತೆ ಎಸೆದರು. ಶ್ರೀರಂಗಪಟ್ಟಣದ ಸೇತುವೆ ಮೇಲೆ ರೈಲಿನಿಂದ ಕಾವೇರಿಗೆ ಎಸೆದು ರೂಢಿಯಿದ್ದ ಕೈ ಅದು. ನೀರಿಗೆ ಬಿದ್ದ ನಾಣ್ಯ ಕಾರಿತಾಸ್ ಎಂಬ ಸೇವಾಸಂಸ್ಥೆಯ ಮೂಲಕ ಬಡವರಿಗೆ ಹೋಗುತ್ತದೆಂದು ತಿಳಿದು ಇನ್ನೊಂದನ್ನೂ ಎಸೆದರು.

ರಾತ್ರಿ ಮರುದಿನದ ಕೊಲೋಸಿಯಮ್ ಟಿಕೆಟ್ಟನ್ನು ತಮ್ಮ ಕಾರ್ಡಿನಿಂದಲೇ ತೆಗೆಯಬೇಕೆಂದು ಮಾವ ಹಟ ಹಿಡಿದರು. ನಂಬರು ಹಾಕಿದ್ದಾಯಿತು, ಓಟಿಪಿ ಹೊರಟಿತು. ಹೋಗಿದ್ದು ತಿಪಟೂರಿಗೆ. ರೋಮಿಂಗಿನ ಬಿಲ್ಲಿಗೆ ಹೆದರಿ ಮಾವ ಆ ನಂಬರಿನ ಬಟನ್ ಫೋನನ್ನು ಸಿಮ್ ಸಮೇತ ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರ ಕೈಗೆ ಕೊಟ್ಟು ಬಂದಿದ್ದರು! ಅಲ್ಲಿ ಆಗ ರಾತ್ರಿ ಒಂದು ಗಂಟೆ. ಮಾವ ವಾಟ್ಸಾಪಿನಲ್ಲಿ ಕರೆ ಮಾಡಿ ಎಬ್ಬಿಸಿದರು.

"ಮೇಷ್ಟ್ರೇ, ಒಂದು ನಂಬರ್ ಬಂದಿರುತ್ತೆ, ಹೇಳಿ."

"ಬಂದಿದೆ. ಯಾರಿಗೂ ಹೇಳಬೇಡಿ ಅಂತಲೂ ಬರೆದಿದೆ."

"ಯಾರಿಗೂ ಅಂದ್ರೆ ಬೇರೆಯವರಿಗೆ. ನಾನು ನಾನೇ ಅಲ್ವೇ?"

"ಎಲ್ಲ ಕಳ್ಳರೂ ಹಾಗೇ ಅನ್ನೋದು. ನಮ್ಮ ಬೀದಿ ನಾಯಿ ಹೆಸರು ಹೇಳಿ, ನೋಡೋಣ."

ಮಾವ ಕರಿಯ ಎಂದರು. ಅದು ಹಳೇ ನಾಯಿ ಎಂದು ಮೇಷ್ಟ್ರು ತಕರಾರು ತೆಗೆದರು. ಅಷ್ಟರಲ್ಲಿ ಓಟಿಪಿಯ ಅವಧಿ ಮುಗಿಯಿತು. ಆಮೇಲೆ ಮಾವ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕೊಬ್ಬರಿ ಮಂಡಿಯಲ್ಲೂ ಅವು ದಿನಾ ಬಳಕೆಯಲ್ಲಿಲ್ಲ.

ಬೆಳಿಗ್ಗೆ ಮೇಷ್ಟ್ರ ಧ್ವನಿ ಸಂದೇಶ ಬಂದಿತ್ತು. "ಸಾರ್, ಮಧ್ಯರಾತ್ರಿ ಯಾರೋ ಥೇಟ್ ನಿಮ್ಮ ಧ್ವನೀಲೇ ಫೋನ್ ಮಾಡಿ ಓಟಿಪಿ ಕೇಳಿದ್ರು. ನಿಮ್ಮ ಹೊಸ ನಂಬರನ್ನೂ ಕದ್ದಿದ್ದಾರೆ. ಬೈಗುಳ ಸಮೇತ ನಿಮ್ಮದೇ, ಅಷ್ಟು ಮುಂದುವರಿದಿದೆ ಟೆಕ್ನಾಲಜಿ. ನಾನು ತಡ ಮಾಡದೆ ನಿಮ್ಮ ಫೋನಿಂದಲೇ ಬ್ಯಾಂಕಿಗೆ ಮೆಸೇಜ್ ಕಳಿಸಿ ಕಾರ್ಡ್ ಬ್ಲಾಕ್ ಮಾಡಿಸಿದೀನಿ. ಸೈಬರ್ ಸಹಾಯವಾಣಿ 1930ಕ್ಕೂ ತಿಳಿಸಿದೀನಿ. ನೀವು ಯಾವ ಯೋಚನೇನೂ ಇಲ್ದೆ ರೋಮ್ ನೋಡ್ಕೊಂಡು ಬನ್ನಿ."

ಇವರು ತಲೆ ಮೇಲೆ ಕೈ ಹೊತ್ತು ಕೂತರು. ಮಾವ ಸಂದೇಶವನ್ನು ಇನ್ನೊಂದು ಸಲ ಹಾಕಿ ಕೇಳಿ ನನ್ನ ಕಡೆ ತಿರುಗಿದರು.

"ನೋಡಿದ್ಯೇನಮ್ಮಾ? ಇದಕ್ಕೇ ನಾನು ಫೋನನ್ನ ಅವರ ಕೈಗೇ ಕೊಟ್ಟು ಬಂದಿದ್ದು."