ಒಳ್ಳೆ ಹುಡುಗ, ಗಲಾಟೆ ಇಲ್ಲ

ಮೂಡಿಗೆರೆ ಬಳಿಯ ದೇವರಮನೆಯಲ್ಲಿ ಮಾತಿಗೇನೂ ಬರವಿಲ್ಲ. ಶನಿವಾರ ಬೆಳಗಾದರೆ ಸಾಕು, ಕಾಲಭೈರವೇಶ್ವರನ ಗುಡಿಯಿಂದ ಗುಡ್ಡದ ಅಂಚಿನವರೆಗೂ ಮಂಜಿನೊಳಗಿಂದ ಬೆಂಗಳೂರು ಮಾತಾಡುತ್ತಿರುತ್ತದೆ. ಎದುರಿಗಿರುವುದು ಮರವೋ ಮನುಷ್ಯನೋ ಗೊತ್ತಾಗದಿದ್ದರೂ "ಏನ್ ವೈಬು ಗುರೂ" ಅನ್ನುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಕೆಳಗೆ ಕಾಫಿ ತೋಟಗಳಿಗಿಳಿದರೆ ಅಲ್ಲಿ ಇನ್ನೊಂದು ಸಂತೆ. ಸಾಹುಕಾರರದು ಕನ್ನಡ, ರೈಟರದು ತುಳು, ಮರಗಸಿ ಮಾಡುವವರದು ತಮಿಳು, ಅಂಗಡಿಯವರದು ಬ್ಯಾರಿ, ಲೈನ್ ಮನೆಗೆ ಹೊಸದಾಗಿ ಬಂದವರದು ಅಸ್ಸಾಮಿ, ಎಲ್ಲರ ನಡುವೆ ವ್ಯವಹಾರಕ್ಕೊಂದು ಮುರುಕು ಹಿಂದಿ. ಇಷ್ಟು ಮಾತಿನ ಮಧ್ಯೆ ಐದೂವರೆ ವರ್ಷದ ಹುಡುಗನೊಬ್ಬನಿಗೆ ಮಾತು ಸಾಲದೆ ಹೋದರೆ ಅದು ಯಾರ ಗಮನಕ್ಕೆ ಬರಬೇಕು?

ಅಂಥ ಹುಡುಗನೊಬ್ಬ ಇದ್ದಾನೆ ಅಂತಿಟ್ಟುಕೊಳ್ಳಿ. ಕಿವಿ ಚುರುಕು, ಯಾರ ಜೀಪು ಅಂತ ತಿರುವಿನಲ್ಲೇ ಹೇಳುತ್ತಾನೆ. ಬುದ್ಧಿಗೂ ಕೊರತೆಯಿಲ್ಲ, ಅಣ್ಣನ ಮೊಬೈಲಿನ ಲಾಕು ಅಣ್ಣನಿಗಿಂತ ಬೇಗ ತೆಗೆಯುತ್ತಾನೆ. ಆದರೆ "ಅಪ್ಪ ನಾಯಿಗೆ ಬಿಸ್ಕೆಟ್ ಹಾಕಿದ್ರು" ಅನ್ನಬೇಕಾದಲ್ಲಿ "ಅಪ್ಪ ನಾಯಿ ಬಿಸ್ಕೆಟ್ ಹಾಕು" ಅನ್ನುತ್ತಾನೆ. ಯಾರು, ಯಾರಿಗೆ, ಯಾವಾಗ ಅನ್ನುವ ಲೆಕ್ಕವನ್ನೆಲ್ಲ ಕನ್ನಡ ಇಟ್ಟಿರುವುದೇ ಆ 'ಗೆ', 'ಅನ್ನು'ಗಳಲ್ಲಿ, ಕ್ರಿಯಾಪದದ ತುದಿಯಲ್ಲಿ. ಅವೇ ಉದುರಿಹೋದರೆ ಬಿಸ್ಕೆಟ್ ತಿಂದದ್ದು ಅಪ್ಪನೋ ನಾಯಿಯೋ ಕೇಳಿದವರೇ ತೀರ್ಮಾನಿಸಬೇಕು. "ನಿನ್ನೆ ಏನಾಯ್ತೋ ಹೇಳು" ಅಂದರೆ ಹುಡುಗ ನಗುತ್ತಾನೆ. ನಕ್ಕರೆ ಮುದ್ದಾಗಿದ್ದಾನೆ. ವಿಚಾರಣೆ ಅಲ್ಲಿಗೆ ಮುಕ್ತಾಯ.

ಇಂಥ ತೊಂದರೆಗೊಂದು ಹೆಸರಿಡಲು ಪಂಡಿತರು ಪಟ್ಟ ಪಾಡೇ ಒಂದು ಹರಿಕಥೆ. ಒಬ್ಬೊಬ್ಬರು ಒಂದೊಂದು ಹೆಸರಿಟ್ಟು, ಚಾಲ್ತಿಯಲ್ಲಿದ್ದ ಹೆಸರುಗಳೇ ನೂರು ದಾಟಿದ್ದವು. ಕೊನೆಗೆ ಆಕ್ಸ್‌ಫರ್ಡ್‌ನ ಡಾರತಿ ಬಿಷಪ್ ಮುಂದಾಳತ್ವದಲ್ಲಿ ಐವತ್ತಕ್ಕೂ ಹೆಚ್ಚು ತಜ್ಞರು ಸುತ್ತಿನ ಮೇಲೆ ಸುತ್ತು ಅಭಿಪ್ರಾಯ ಹಂಚಿಕೊಂಡು, 2016-17ರಲ್ಲಿ 'ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್' ಅಂತ ನಾಮಕರಣ ಮುಗಿಸಿದರು. ಆ ತಜ್ಞರು ಬಂದದ್ದು ಆರು ದೇಶಗಳಿಂದ. ಆರೂ ಇಂಗ್ಲಿಷ್ ಮಾತಾಡುವ ದೇಶಗಳು. ಜಗತ್ತಿನ ಮಕ್ಕಳ ನಾಲಿಗೆಯ ವಿಚಾರಕ್ಕೆ ಇಷ್ಟು ಪ್ರಾತಿನಿಧ್ಯ ಸಾಲದೆ?

ಆ ದೇಶಗಳಲ್ಲಾದರೂ ಎಲ್ಲ ಸರಿ ಇದೆಯೇ ಅಂದರೆ ಅದೂ ಇಲ್ಲ. ಅಮೆರಿಕದ ಅಯೋವಾದಲ್ಲಿ ಬ್ರೂಸ್ ಟಾಂಬ್ಲಿನ್ ಮತ್ತು ಸಂಗಡಿಗರು ಏಳು ಸಾವಿರಕ್ಕೂ ಹೆಚ್ಚು ಶಿಶುವಿಹಾರದ ಮಕ್ಕಳನ್ನು ಪರೀಕ್ಷಿಸಿ 1997ರಲ್ಲಿ ವರದಿ ಕೊಟ್ಟರು: ನೂರಕ್ಕೆ ಏಳು ಮಕ್ಕಳಿಗೆ ಈ ತೊಂದರೆ. ಅಂದರೆ ಮೂವತ್ತು ಮಕ್ಕಳ ಕ್ಲಾಸಿಗೆ ಇಬ್ಬರು. ಅಂಥ ಮಕ್ಕಳ ತಂದೆತಾಯಿಗಳಲ್ಲಿ ನೂರಕ್ಕೆ 29 ಮಂದಿಗೆ ಮಾತ್ರ ಮೊದಲೇ ಯಾರೋ ವಿಷಯ ತಿಳಿಸಿದ್ದರು. ಇಷ್ಟೊಂದು ಮಕ್ಕಳಿದ್ದರೆ ಸಂಶೋಧನೆಯ ದುಡ್ಡೂ ಹರಿದು ಬರಬೇಕಲ್ಲ? 2010ರಲ್ಲಿ ಬಿಷಪ್ ಅದನ್ನೂ ಲೆಕ್ಕ ಹಾಕಿದರು. ಎಷ್ಟೋ ಅಪರೂಪದ ತೊಂದರೆಗಳಿಗೆ ಸಿಕ್ಕಷ್ಟು ಸಂಶೋಧನೆಯೂ ಇದಕ್ಕೆ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ಅಹವಾಲು ಹೇಳಿಕೊಳ್ಳಲು ಮಾತು ಬೇಕು, ಇವರಿಗೆ ಇಲ್ಲದಿರುವುದೇ ಅದು.

ನಮ್ಮ ಕಡೆ ಸಂಶೋಧನೆ ಕಡಿಮೆ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಪ್ರತಿ ಜಗಲಿಯ ಮೇಲೂ ಒಂದು ಸಂಶೋಧನಾ ಕೇಂದ್ರವಿದೆ. ಮುಖ್ಯಸ್ಥೆ ಅಜ್ಜಿ. "ಅವನ ಅಪ್ಪನೂ ಹಂಗೇ ಇದ್ದ ಮಾರಾಯ್ತಿ, ಐದು ತುಂಬುವ ತನಕ ಬಾಯೇ ಬಿಟ್ಟಿರಲಿಲ್ಲ. ಈಗ ನೋಡು, ಬಾಯಿ ಮುಚ್ಚೋದೇ ಇಲ್ಲ" ಅನ್ನುತ್ತಾಳೆ. ನಗಬೇಡಿ. ಇದು ವಂಶದಲ್ಲಿ ಹರಿದು ಬರುವ ತೊಂದರೆ ಅಂತ ತೋರಿಸಲು ಇಂಗ್ಲೆಂಡಿನಲ್ಲಿ ಅವಳಿ ಮಕ್ಕಳನ್ನು ಕೂಡಿಸಿಕೊಂಡು ಅಧ್ಯಯನ ಮಾಡಬೇಕಾಯಿತು. ಅಜ್ಜಿ ಅನುದಾನವಿಲ್ಲದೆ ಹೇಳಿದ್ದಾಳೆ. ಎರಡು ವರ್ಷಕ್ಕೆ ಮಾತು ಬಾರದ ಮಕ್ಕಳಲ್ಲಿ ಬಹುಪಾಲು ಶಾಲೆಗೆ ಸೇರುವ ಹೊತ್ತಿಗೆ ಸರಿಹೋಗುತ್ತಾರೆ ಅನ್ನುವಲ್ಲಿಯೂ ಅವಳು ಗೆದ್ದಿದ್ದಾಳೆ. ಉಳಿದವರನ್ನು ಏನು ಮಾಡಬೇಕು ಅನ್ನುವ ಅಧ್ಯಾಯದಲ್ಲಿ ಮಾತ್ರ ಆಕೆ ಬಜೆ ತೇದು, ಜೇನು ಸೇರಿಸಿ, ನಾಲಿಗೆಗೆ ಸವರಿ, ಭೈರವನಿಗೊಂದು ಹರಕೆ ಹೊತ್ತು ಪ್ರಬಂಧ ಮುಗಿಸಿಬಿಡುತ್ತಾಳೆ.

ಎರಡನೇ ಕೇಂದ್ರ ಶಾಲೆ. "ಮನೇಲಿ ತುಳು, ಲೈನಲ್ಲಿ ತಮಿಳು, ಇಲ್ಲಿ ಕನ್ನಡ. ಮಗುವಿಗೆ ಕನ್ಫ್ಯೂಸ್ ಆಗಿದೆ ಕಣ್ರೀ" ಅನ್ನುವ ಈ ತೀರ್ಮಾನ ಮೂಡಿಗೆರೆಯಿಂದ ಮ್ಯಾಂಚೆಸ್ಟರಿನವರೆಗೆ ಚಲಾವಣೆಯಲ್ಲಿದೆ. ಹಲವು ಭಾಷೆ ಕಲಿತದ್ದರಿಂದ ಈ ತೊಂದರೆ ಬರುವುದಿಲ್ಲ ಅಂತ ದಶಕಗಳಿಂದ ಅಧ್ಯಯನಗಳು ಹೇಳುತ್ತಲೇ ಇವೆ. ತೊಂದರೆ ನಿಜವಾಗಿದ್ದರೆ ಮಗುವಿನ ಎಲ್ಲ ಭಾಷೆಯಲ್ಲೂ ಅದು ಕಾಣುತ್ತದೆ. ತುಳುವಿನಲ್ಲಿ ಪಟಪಟ ಮಾತಾಡುವವನು ಕನ್ನಡದಲ್ಲಿ ತಡವರಿಸಿದರೆ ಅವನಿಗೆ ಬೇಕಾದದ್ದು ಇನ್ನಷ್ಟು ಕನ್ನಡ. ಎರಡರಲ್ಲೂ ತಡವರಿಸಿದರೆ ವಿಚಾರ ಬೇರೆ. ಹಾಗಾದರೆ ಮನೆಮಾತಿನಲ್ಲೂ ಮಾತಾಡಿಸಿ ನೋಡಬೇಕಲ್ಲ? ಅಷ್ಟು ತ್ರಾಸ ಯಾರಿಗೆ ಬೇಕು, ಕನ್ಫ್ಯೂಸ್ ಅಂದರೆ ಆಯಿತು.

ಕನ್ಫ್ಯೂಸ್ ಆದ ಮಗುವಿಗೆ ನಮ್ಮಲ್ಲಿ ರಾಮಬಾಣವೊಂದಿದೆ: ಇನ್ನೊಂದು ಭಾಷೆ. ಹಳದಿ ವ್ಯಾನು ಹತ್ತಿಸಿ ಕಾನ್ವೆಂಟಿಗೆ ಕಳಿಸುವುದು. 'ಗೆ' 'ಅನ್ನು' ಬಾರದವನು ಈಗ 'ಈಸ್' 'ವಾಸ್' ಬಿಡುತ್ತಾನೆ, ಹಾಗಾಗಿ ಪ್ರಗತಿ ಆಗಿದೆ. ತಿಂಗಳೊಳಗೆ ಡೈರಿಯಲ್ಲಿ ಸೂಚನೆ ಬರುತ್ತದೆ: ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ. ಇದನ್ನು ಓದಬೇಕಾದವಳು ದಿನವಿಡೀ ಹಣ್ಣು ಕುಯ್ದು, ಸಂಜೆ ತೂಕ ಹಾಕಿಸಿ, ಕಾಲಿನ ಜಿಗಣೆ ಕಿತ್ತು ಮನೆಗೆ ಬಂದ ತಾಯಿ. ತನಗೆ ಸಲೀಸಾಗಿ ಬರುವ ಮಾತಿನಲ್ಲಿ ಮಗನ ಜೊತೆ ಹರಟುವುದೇ ಮದ್ದು ಅಂತ ವಾಕ್ ಚಿಕಿತ್ಸಕರು ಹೇಳುತ್ತಾರೆ; ಆ ಹರಟೆಯನ್ನೂ ಅವಳು ನಿಲ್ಲಿಸುತ್ತಾಳೆ. ಇಂಗ್ಲಿಷ್ ಬಾರದು, ಕನ್ನಡ ಆಡಕೂಡದು. ಮೊದಲು ಮನೆಯಲ್ಲಿ ಮಾತಾಡದವನು ಒಬ್ಬನಿದ್ದ, ಈಗ ಇಬ್ಬರು.

ಕಾನೂನು ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಪಟ್ಟಿ ಮಾಡಿದೆ, ಅದರಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಒಂದು. ಸಂತೋಷಪಟ್ಟು ಪುಟ ತಿರುವಿದರೆ, ಅದು ಅಂಗಾಂಗದ ಅಥವಾ ನರದ ಕಾರಣದಿಂದ ಬಂದ ಶಾಶ್ವತ ವೈಕಲ್ಯವಾಗಿರಬೇಕು. ಉದಾಹರಣೆಗೆ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಮಿದುಳಿಗೆ ಪೆಟ್ಟಾಗಿ ಮಾತು ಕಳೆದುಕೊಂಡವರು. ನಮ್ಮ ಹುಡುಗನ ತೊಂದರೆಗೆ ಅಂಥ ಕಾರಣ ಕಾಣದಿರುವುದೇ ಅದರ ಲಕ್ಷಣ. ಧ್ವನಿಪೆಟ್ಟಿಗೆಯೂ ಗಟ್ಟಿಯಾಗಿದೆ, ಪಾಪ. ಕಲಿಕಾ ನ್ಯೂನತೆಯ ಕಲಮಿನಲ್ಲಿ 'ಡೆವಲಪ್‌ಮೆಂಟಲ್ ಅಫೇಸಿಯಾ' ಅಂತ ಒಂದು ಪದ ಸಿಕ್ಕುತ್ತದೆ, ಸಂಶೋಧಕರು ಎಂದೋ ಕೈಬಿಟ್ಟ ಹಳೇ ಹೆಸರು. ಆ ಬಾಗಿಲಿನಿಂದ ನುಗ್ಗೋಣವೆಂದರೆ ಮೂರನೇ ಕ್ಲಾಸು ಅಥವಾ ಎಂಟು ವರ್ಷ ಆಗಲಿ ಅನ್ನುತ್ತದೆ ಮಾರ್ಗಸೂಚಿ. ಅಷ್ಟರಲ್ಲಿ ಹುಡುಗನಿಗೆ 'ದಡ್ಡ' ಅನ್ನುವ ಹೆಸರು ಯಾವ ತಜ್ಞರ ಸಮಿತಿಯೂ ಇಲ್ಲದೆ ಖಾಯಂ ಆಗಿರುತ್ತದೆ.

ಹಾಗಂತ ನಾವೇನು ಹಿಂದುಳಿದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಪ್ರತಿಭಾ ಕಾರಂತ್ ಕನ್ನಡದ್ದೇ ಭಾಷಾ ಪರೀಕ್ಷೆಯೊಂದನ್ನು 1980ರ ಹೊತ್ತಿಗೆ ರೂಪಿಸಿದ್ದರು. ವಿದ್ಯೆ ಕನ್ನಡದಲ್ಲಿದೆ, ದೇವರಮನೆಯಿಂದ ಸುಮಾರು 200 ಕಿಲೋಮೀಟರು ಅಷ್ಟೇ. ವಾರಕ್ಕೆರಡು ಸಲ ಚಿಕಿತ್ಸೆಗೆ ಹೋಗಿಬರಬಹುದು, ತಾಯಿಗೆ ಕೂಲಿ ಬೇಡವಾದರೆ.

ಇಂಥ ಮಕ್ಕಳನ್ನು ಗುರುತಿಸಲು ಅರ್ಥವಿಲ್ಲದ ಪದಗಳನ್ನು ಹೇಳಿಕೊಟ್ಟು, ಹಾಗೇ ತಿರುಗಿ ಹೇಳಿಸುವ ಒಂದು ಪರೀಕ್ಷೆಯಿದೆ. ಪದ ಉದ್ದವಾದಷ್ಟೂ ಈ ಮಕ್ಕಳು ಎಡವುತ್ತಾರೆ. ಇದನ್ನು ತಾಲ್ಲೂಕು ಕೆಡಿಪಿ ಸಭೆಯಲ್ಲಿ ಒಮ್ಮೆ ಮಾಡಬೇಕು. 'ಪ್ರಸ್ತಾವನೆ ಪರಿಶೀಲನೆಯಲ್ಲಿದ್ದು ನಿಯಮಾನುಸಾರ ಸೂಕ್ತ ಕ್ರಮ ಜರುಗಿಸಲಾಗುವುದು' ಅನ್ನುವುದನ್ನು ಒಂದಕ್ಷರ ಬಿಡದೆ ವರ್ಷಗಟ್ಟಲೆ ತಿರುಗಿ ಹೇಳಬಲ್ಲವರು ಅಲ್ಲಿದ್ದಾರೆ. ಎಲ್ಲರೂ ಪಾಸು.

ಅಂಗನವಾಡಿಗೇ ಬಂದು ನೋಡುವ ಏರ್ಪಾಡು ಕೂಡ ಇದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವರ್ಷಕ್ಕೆ ಎರಡು ಸಲ ತಪಾಸಣೆ; ನೋಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಭಾಷಾ ವಿಳಂಬವೂ ಇದೆ. ಡಾಕ್ಟರ ವಾಹನ ಬಂದ ದಿನ ನಮ್ಮ ಹುಡುಗನ ಸರದಿಯೂ ಬರುತ್ತದೆ. ತೂಕ ಸರಿ, ಕಣ್ಣು ಸರಿ, ಕಿವಿ ಸರಿ. "ಎಲ್ಲಿ, ಆ ಅನ್ನು ಪುಟ್ಟ" ಅನ್ನುತ್ತಾರೆ. ಪುಟ್ಟ ಅಗಲವಾಗಿ ಬಾಯಿ ತೆರೆದು "ಆ" ಅನ್ನುತ್ತಾನೆ. ಹಲ್ಲು ಹುಳುಕಾಗಿದೆ, ಚಾಕಲೇಟ್ ಕೊಡಬೇಡಿ.

"ಮಾತಾಡ್ತಾನಾ?"

"ಕಮ್ಮಿ ಸಾರ್. ಒಳ್ಳೆ ಹುಡುಗ, ಗಲಾಟೆ ಇಲ್ಲ. ಎಲ್ರೂ ಹಿಂಗೇ ಇದ್ದಿದ್ರೆ ನಮಗೆ ಎಷ್ಟು ಸುಲಭ ಇತ್ತು!"

ಭಾಷಾ ವಿಳಂಬದ ಎದುರು 'ಇಲ್ಲ' ಅನ್ನುವಲ್ಲಿ ಗುರುತು ಬೀಳುತ್ತದೆ. ಮುಂದಿನ ಮಗು ಬರಲಿ.